ಲೇಖನಿ ಎತ್ತಿದ್ದು ಯಾವಾಗ?

2023ರ ಸೆಪ್ಟೆಂಬರ್ ಹೊತ್ತಿಗೆ ಮರಾಠವಾಡದ ಸರ್ಕಾರಿ ಕಚೇರಿಗಳಲ್ಲಿ ಒಂದು ಬಗೆಯ ಜನರಿಗೆ ಇದ್ದಕ್ಕಿದ್ದಂತೆ ಬೇಡಿಕೆ ಬಂತು. ಜಾಲ್ನಾ ಜಿಲ್ಲೆಯ ಅಂತರವಾಲಿ ಸರಾಟಿಯಲ್ಲಿ ಮನೋಜ್ ಜರಾಂಗೆ ಪಾಟೀಲರು ಮರಾಠಾ ಮೀಸಲಾತಿಗಾಗಿ ಉಪವಾಸ ಕೂತಿದ್ದರು. ಹಳೆಯ ದಾಖಲೆಗಳಲ್ಲಿ ಪೂರ್ವಜರ ಹೆಸರಿನ ಜೊತೆ 'ಕುಣಬಿ' ಎಂದು ನಮೂದಾಗಿದ್ದರೆ ಅವರ ವಂಶದವರಿಗೆ ಆ ಪ್ರಮಾಣಪತ್ರ ಕೊಡಬಹುದೆಂದು ತೀರ್ಮಾನವಾಯಿತು. ಹುಡುಕುವ ವಿಧಾನ ನಿಗದಿ ಮಾಡಲು ನಿವೃತ್ತ ನ್ಯಾಯಮೂರ್ತಿ ಸಂದೀಪ್ ಶಿಂದೆ ಅವರ ಸಮಿತಿ ಬಂತು. ಛತ್ರಪತಿ ಸಂಭಾಜಿನಗರದ ಸುತ್ತಲಿನ ಜಿಲ್ಲೆಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿಯ ಕಾಗದಗಳು ಉರ್ದುವಿನಲ್ಲಿವೆ, ಪಾರಸಿಯಲ್ಲಿವೆ, ಮೋಡಿ ಲಿಪಿಯ ಮರಾಠಿಯಲ್ಲಿವೆ. ಉರ್ದು ಓದುವವರು ಸಿಕ್ಕರು. ಮೋಡಿ ಓದುವವರನ್ನು ಹುಡುಕಬೇಕಾಯಿತು. ನಾಸಿಕ, ತ್ರ್ಯಂಬಕದ ತೀರ್ಥಪುರೋಹಿತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ವಂಶಾವಳಿಯ ಪುಸ್ತಕಗಳ ಕಡೆಗೂ ಜನ ನೋಡತೊಡಗಿದರು.

ಒಂದು ಕುಟುಂಬದ ಮಕ್ಕಳ ಕಾಲೇಜು ಸೀಟು, ಕೆಲಸದ ಅರ್ಜಿ, ನೂರು ವರ್ಷದ ಹಿಂದೆ ಯಾರೋ ಕುಲಕರ್ಣಿ ಅವಸರದಲ್ಲಿ ಗೀಚಿದ ಮೂರು ಅಕ್ಷರದ ಮೇಲೆ ನಿಂತಿತ್ತು. ಬೇಡಿಕೆ ನ್ಯಾಯವೋ ಅಲ್ಲವೋ ಎಂಬ ವಾದ ಬೇರೆ. ಆ ಮೂರು ಅಕ್ಷರ ಏನೆಂದು ಹೇಳಬಲ್ಲವರು ಎಷ್ಟು ಕಡಿಮೆ ಎಂಬುದು ಮಾತ್ರ ಆಗ ಎಲ್ಲರಿಗೂ ಗೊತ್ತಾಯಿತು.

ಮೋಡಿ ಯಾಕೆ ಕಷ್ಟ? ಅಕ್ಷರಮಾಲೆ ದೇವನಾಗರಿಯದೇ, ಭಾಷೆ ಮರಾಠಿಯೇ. ಆದರೆ ಪದಗಳ ನಡುವೆ ಜಾಗ ಬಿಡುವುದಿಲ್ಲ, ವಿರಾಮ ಚಿಹ್ನೆ ಇಲ್ಲ, ಹ್ರಸ್ವ ಇಕಾರಕ್ಕೂ ದೀರ್ಘ ಈಕಾರಕ್ಕೂ ಸಾಮಾನ್ಯವಾಗಿ ಒಂದೇ ಗುರುತು. ಬರೆಯುವವನು ಮೊದಲು ಹಾಳೆಯ ಉದ್ದಕ್ಕೂ ಒಂದು ತಲೆಗೆರೆ ಎಳೆಯುತ್ತಾನೆ. ಆಮೇಲೆ ಅದಕ್ಕೆ ತೂಗುಹಾಕಿದಂತೆ ಅಕ್ಷರ ಜೋಡಿಸುತ್ತಾ ಹೋಗುತ್ತಾನೆ. ಒಂದು ಅಕ್ಷರದ ಕಡ್ಡಿ ಕೆಳಗಿಳಿದು, ಬಾಗಿ, ಮತ್ತೆ ತಲೆಗೆರೆಗೆ ಏರಿ ಮುಂದಿನ ಅಕ್ಷರವಾಗುತ್ತದೆ. ಲೇಖನಿ ಎತ್ತುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯ ಬರಹಗಾರ. ಹೀಗೆ ಬರೆದದ್ದನ್ನು ನೋಡುವ ಕಣ್ಣಿಗೆ ಗೆರೆ ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದೇ ಬಿಡಿಸಲಾಗದ ಗಂಟು. ಪಳಗಿದ ಓದುಗ ಅಕ್ಷರದ ಆಕಾರವನ್ನಷ್ಟೇ ನೋಡುವುದಿಲ್ಲ. ಕೈ ಯಾವ ದಾರಿಯಲ್ಲಿ ಹೋಯಿತು, ಲೇಖನಿ ಯಾವಾಗ ಎದ್ದಿತು ಎಂದು ಊಹಿಸುತ್ತಾನೆ. ದಾರಿ ಸಿಕ್ಕರೆ ಅಕ್ಷರ ಸಿಕ್ಕಿತು.

ಕಾಗದ ಉಳಿಸಿಕೊಳ್ಳದ ಈ ಸಂಗತಿ, ಅಂದರೆ ಕೈಯ ದಾರಿ, ಇವತ್ತು ಸ್ಟೈಲಸ್ ಹಿಡಿದು ಟ್ಯಾಬ್ಲೆಟ್ಟಿನ ಮೇಲೆ ಬರೆಯುವ ಯಾರದೇ ಆದರೂ ದಾಖಲಾಗಬಲ್ಲದು. ಬ್ರೌಸರಿನಲ್ಲಿ ತೆರೆದ ಒಂದು ಸಾದಾ ಚಿತ್ರಪುಟ ಸಾಕು. ಆದರೆ ಬ್ರೌಸರಿಗೆ ಲೇಖನಿ ಎಂದರೆ ಏನೆಂದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಆ ಇತಿಹಾಸ ಮೋಡಿಯ ಇತಿಹಾಸದಷ್ಟೇ ವಕ್ರ.

ಮೋಡಿಯ ಹುಟ್ಟಿನ ಕತೆ ಕನ್ನಡಿಗರಿಗೆ ದೂರದ್ದಲ್ಲ. ಸೇವುಣರು, ಅಂದರೆ ದೇವಗಿರಿಯ ಯಾದವರು, ಮೊದಲು ಇಂದಿನ ನಾಸಿಕ ಜಿಲ್ಲೆಯ ಸಿನ್ನರದಿಂದ ಆಳುತ್ತಿದ್ದರು. ಐದನೆಯ ಭಿಲ್ಲಮ 12ನೇ ಶತಮಾನದ ಕೊನೆಯಲ್ಲಿ ರಾಜಧಾನಿಯನ್ನು ದೇವಗಿರಿಗೆ ಒಯ್ದ. ಅದೇ ಇಂದಿನ ಛತ್ರಪತಿ ಸಂಭಾಜಿನಗರದ ಬಳಿಯ ದೌಲತಾಬಾದ್. ಈ ಮನೆತನದ ಶಾಸನಗಳು ನೂರಾರು ಸಂಖ್ಯೆಯಲ್ಲಿ ಕನ್ನಡದಲ್ಲಿವೆ. ಮಹಾದೇವ ಮತ್ತು ರಾಮಚಂದ್ರ ಎಂಬ ರಾಜರ ಬಳಿ ಹೇಮಾದ್ರಿ ಎಂಬ ವಿದ್ವಾಂಸ ಶ್ರೀಕರಣಾಧಿಪನಾಗಿದ್ದ, ಎಂದರೆ ರಾಜ್ಯದ ಲೆಕ್ಕಪತ್ರ ವಿಭಾಗದ ಮುಖ್ಯಸ್ಥ. ಮರಾಠಿ ಜನ ಅವನನ್ನು ಹೇಮಾಡಪಂತ ಎನ್ನುತ್ತಾರೆ; ಕಲ್ಲಿನ ಹಳೆಯ ಗುಡಿ ಕಂಡರೆ ಅದು ಅವನದೇ ಎನ್ನುತ್ತಾರೆ, ಮೋಡಿ ಲಿಪಿಯೂ ಅವನದೇ ಎನ್ನುತ್ತಾರೆ. ಅವನು ಲಂಕೆಯಿಂದ ಅದನ್ನು ತಂದ ಎಂಬ ಕತೆಯೂ ಇದೆ. ಇದನ್ನೆಲ್ಲ ನಂಬಬೇಕಾಗಿಲ್ಲ. ಆದರೆ ಕತೆ ಕಟ್ಟಿದವರು ಆಯ್ಕೆ ಮಾಡಿದ ಮನುಷ್ಯ ಸರಿಯಾದವನೇ. ಇಂಥ ಲಿಪಿ ಬೇಕಾಗುವುದು ಕವಿಗಲ್ಲ, ಕಚೇರಿಗೆ. ದಿನಕ್ಕೆ ನೂರು ಕಾಗದ ನಕಲು ಮಾಡಬೇಕಾದ ಕರಣಿಕನಿಗೆ ಪ್ರತಿ ಸಲ ಕೈ ಎತ್ತುವುದು ನಷ್ಟ.

ಅದೇ ನಾಸಿಕದ ಪಾಂಡವಲೇಣಿ ಗುಹೆಗಳಲ್ಲಿ ಇದಕ್ಕೂ ಸಾವಿರ ವರ್ಷ ಹಿಂದಿನ ಇನ್ನೊಂದು ಕಚೇರಿಯ ನೆರಳಿದೆ. ಕ್ಷತ್ರಪ ನಹಪಾನನ ಅಳಿಯ ಉಷವದಾತ ಭಿಕ್ಷುಗಳಿಗಾಗಿ 3,000 ಕಾರ್ಷಾಪಣಗಳನ್ನು ನೇಕಾರರ ಶ್ರೇಣಿಗಳಲ್ಲಿ ಠೇವಣಿ ಇಟ್ಟ. 2,000 ಒಂದು ಶ್ರೇಣಿಯಲ್ಲಿ ಒಂದು ಬಡ್ಡಿ ದರಕ್ಕೆ, 1,000 ಇನ್ನೊಂದರಲ್ಲಿ ಕಡಿಮೆ ದರಕ್ಕೆ. ಇದನ್ನು ನಿಗಮಸಭೆಯಲ್ಲಿ ಸಾರಿ, 'ಫಲಕವಾರ'ದಲ್ಲಿ ನಮೂದಿಸಲಾಗಿದೆ ಎಂದು ಬಂಡೆ ಹೇಳುತ್ತದೆ. ಫಲಕ ಎಂದರೆ ಹಲಗೆ. ಹಾಗಾಗಿ ಇದು ಹಲಗೆಯ ದಾಖಲೆಗಳಿದ್ದ ಜಾಗ ಎಂದು ಅರ್ಥ ಮಾಡುತ್ತಾರೆ. ಯಾರೋ ಕೂತು, ಕೈಯಾಡಿಸಿ ಬರೆದ ಆ ಹಲಗೆ ಇಲ್ಲ. ಉಳಿದದ್ದು ಉಳಿಯಿಂದ ಕೆತ್ತಿದ ಪ್ರತಿ. ಕಲ್ಲಿನಲ್ಲಿ ಅಕ್ಷರವಿದೆ, ಕೈಬರಹವಿಲ್ಲ.

ಮೋಡಿ ಬರೆಯುತ್ತಿದ್ದುದು 'ಬೋರು' ಎಂಬ ಲೇಖನಿಯಿಂದ, ಲಾಳದ ಕಡ್ಡಿಯನ್ನೋ ಬಿದಿರನ್ನೋ ಓರೆಯಾಗಿ ಕತ್ತರಿಸಿ ಮಾಡಿದ್ದು. ಮಸಿಯಲ್ಲಿ ಅದ್ದಿದ ಕೂಡಲೇ ಗೆರೆ ದಟ್ಟ, ಬರೆಯುತ್ತಾ ಹೋದಂತೆ ತೆಳು, ಮತ್ತೆ ಅದ್ದಿದಾಗ ಮತ್ತೆ ದಟ್ಟ. ತುದಿಯ ಕೋನಕ್ಕೆ ತಕ್ಕಂತೆ ಅಡ್ಡಗೆರೆ ಒಂದು ದಪ್ಪ, ಇಳಿಗೆರೆ ಇನ್ನೊಂದು ದಪ್ಪ. ಹಾಗಾಗಿ ಹಾಳೆ ನೋಡಿದರೆ ಎಲ್ಲಿ ಮಸಿ ಮುಗಿಯಿತು, ಕೈ ಎಲ್ಲಿ ನಿಂತಿತು ಎಂದು ಅಲ್ಪಸ್ವಲ್ಪ ತಿಳಿಯುತ್ತದೆ. ಒತ್ತಡ, ಓರೆ, ವೇಗ ಇವು ಮೂರೂ ಮಸಿಯಲ್ಲಿ ಸ್ವಲ್ಪ ಸ್ವಲ್ಪ ಅಂಟಿಕೊಂಡಿರುತ್ತವೆ. ಈ ಮೂರು ಮಾತನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಬ್ರೌಸರಿನ ಕತೆಯಲ್ಲಿ ಇವೇ ಬರುತ್ತವೆ.

ಪೇಶ್ವೆಯರ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಯಪುರದ ಸೀಮೆಯ ಕಂದಾಯ ಲೆಕ್ಕವೂ ಮೋಡಿಯಲ್ಲೇ ನಡೆಯಿತು. ಕನ್ನಡದಲ್ಲಿ ಓಟದ ಬರವಣಿಗೆಗೆ 'ಮೋಡಿ ಅಕ್ಷರ' ಎನ್ನುವ ರೂಢಿ ಬಂದಿದೆ. ಶ್ಯಾನುಭೋಗರ ಕನ್ನಡ ಮೋಡಿ ಓದುವುದೂ ಸುಲಭವಲ್ಲ. ಮಾಟಗಾರ ಹಾಕುವುದಕ್ಕೂ ನಾವು ಮೋಡಿ ಎಂದೇ ಹೇಳುತ್ತೇವೆ. ಎರಡು ಪದದ ಮೂಲ ಒಂದೇ ಇರಲಿ ಬಿಡಲಿ, ಕಾಗದದ ಮುಂದೆ ಕೂತ ರೈತನಿಗೆ ಎರಡೂ ಒಂದೇ ಅನಿಸಿರಬೇಕು.

ಕನ್ನಡನಾಡಿನಲ್ಲಿ ಕಚೇರಿ ಬರಹಕ್ಕೆ ಇನ್ನೊಂದು ಸಾಧನವಿತ್ತು, ಅದನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ: ಕಡತ. ಇವತ್ತು ಕಡತ ಎಂದರೆ ಸರ್ಕಾರಿ ಫೈಲು, ವಿಲೇವಾರಿಯಾಗದೆ ಮೇಜಿನಿಂದ ಮೇಜಿಗೆ ಹೋಗುವಂಥದ್ದು. ಮೂಲದಲ್ಲಿ ಅದು ಬಟ್ಟೆ. ಉದ್ದನೆಯ ಹತ್ತಿ ಬಟ್ಟೆಯ ಎರಡೂ ಬದಿಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿಯ ಸರಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸುತ್ತಿದ್ದರು. ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬಿಳಿ ಅಕ್ಷರ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ಆಸಕ್ತಿಯಿಂದ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ.

ಇಂಗ್ಲಿಷಿನ ಕ್ಯಾನ್ವಾಸ್ ಕೂಡ ಬಟ್ಟೆಯೇ, ಸೆಣಬಿನಂಥ ನಾರಿನದು. ಬ್ರೌಸರಿನಲ್ಲಿ ಚಿತ್ರ ಬರೆಯಲು ಇರುವ ಅಂಶಕ್ಕೆ ಕ್ಯಾನ್ವಾಸ್ ಎಂದು ಹೆಸರಿಟ್ಟವರಿಗೆ ಕಡತ ಗೊತ್ತಿರಲಿಲ್ಲ. ಆದರೆ ಅವರು ಮಾಡಿದ್ದು ಚಿತ್ರಕಾರನ ಕ್ಯಾನ್ವಾಸಿಗಿಂತ ನಮ್ಮ ಕಡತಕ್ಕೇ ಹತ್ತಿರ. ಬ್ರೌಸರಿನ ಕ್ಯಾನ್ವಾಸಿಗೆ ನೆನಪಿಲ್ಲ. ಅದರ ಮೇಲೆ ಗೆರೆ ಎಳೆದರೆ ಪಿಕ್ಸೆಲ್‌ಗಳ ಬಣ್ಣ ಬದಲಾಗುತ್ತದೆ, ಅಷ್ಟೇ. ಯಾವ ಗೆರೆ ಮೊದಲು, ಯಾವುದು ಆಮೇಲೆ, ಎಷ್ಟು ಗೆರೆ ಇವೆ ಎಂದು ಕೇಳಿದರೆ ಅದು ಉತ್ತರಿಸದು. ಒರೆಸಿದ್ದು ಹೋಯಿತು. 'ಹಿಂದಿನ ಗೆರೆ ತೆಗೆ' ಎಂಬ ಗುಂಡಿ ಬೇಕಿದ್ದರೆ ಕಾರ್ಯಕ್ರಮ ಬರೆಯುವವನು ಪ್ರತಿ ಗೆರೆಯ ಬಿಂದುಗಳನ್ನು ತಾನೇ ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡು, ಕಡತ ಒರೆಸಿ, ಉಳಿದುದನ್ನೆಲ್ಲ ಮತ್ತೆ ಬರೆಯಬೇಕು. ಹಾಗಾಗಿ ಕೈಯ ದಾರಿ ಉಳಿಯಬೇಕಾದರೆ ಬಟ್ಟೆಯನ್ನು ನಂಬಿ ಪ್ರಯೋಜನವಿಲ್ಲ. ಲೇಖನಿ ಏನು ಹೇಳುತ್ತಿದೆ ಎಂದು ಅದು ಚಲಿಸುವಾಗಲೇ ಕೇಳಿಸಿಕೊಳ್ಳಬೇಕು.

ಚಲಿಸುವ ಲೇಖನಿಯ ಮಾತು ಕೇಳಿಸಿಕೊಂಡ ಮೊದಲ ಯಂತ್ರಗಳು ಹಳೆಯವು. ಟೆಲಿಫೋನ್ ಪೇಟೆಂಟಿನಲ್ಲಿ ಗ್ರಹಾಂ ಬೆಲ್‌ಗೆ ಎದುರಾಳಿಯಾಗಿದ್ದ ಎಲಿಷಾ ಗ್ರೇ 1888ರಲ್ಲಿ ಟೆಲಾಟೋಗ್ರಾಫ್ ಎಂಬುದಕ್ಕೆ ಪೇಟೆಂಟ್ ಪಡೆದ. ಇಲ್ಲಿ ಬರೆದರೆ ತಂತಿಯ ಆ ತುದಿಯಲ್ಲಿ ಇನ್ನೊಂದು ಲೇಖನಿ ಅದೇ ರೀತಿ ಆಡುತ್ತಿತ್ತು. 1963ರಲ್ಲಿ ಐವನ್ ಸದರ್‌ಲ್ಯಾಂಡ್ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಚಿತ್ರ ಬರೆಯುವ ಸ್ಕೆಚ್‌ಪ್ಯಾಡ್ ಮಾಡಿದ. ಮರುವರ್ಷ ಬಂದ ರ‍್ಯಾಂಡ್ ಟ್ಯಾಬ್ಲೆಟ್ ಹತ್ತು ಅಂಗುಲದ ಚೌಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳನ್ನು ಬೇರೆ ಬೇರೆ ಗುರುತಿಸುತ್ತಿತ್ತು. ಲೇಖನಿಯ ತುದಿಯಲ್ಲಿ ಒಂದು ಸ್ವಿಚ್ಚು, ಒತ್ತಿದರೆ ಬರಹ, ಎತ್ತಿದರೆ ಇಲ್ಲ. ಅಂದರೆ ಕಂಪ್ಯೂಟರಿಗೆ ಲೇಖನಿ ಮೌಸ್‌ಗಿಂತ ಮೊದಲೇ ಗೊತ್ತಿತ್ತು.

ಮತ್ತೆ ಮೌಸ್ ಹೇಗೆ ಗೆದ್ದಿತು? ಡಗ್ಲಾಸ್ ಎಂಗೆಲ್ಬಾರ್ಟ್‌ನ ತಂಡ ಅರವತ್ತರ ದಶಕದಲ್ಲಿ ಬೆಳಕಿನ ಲೇಖನಿ, ಜಾಯ್‌ಸ್ಟಿಕ್, ಮೊಣಕಾಲಿನಿಂದ ಆಡಿಸುವ ಒಂದು ಸನ್ನೆ, ಮೌಸ್ ಇವನ್ನೆಲ್ಲ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿತು. ಪರದೆಯ ಮೇಲಿನ ಪಠ್ಯದಲ್ಲಿ ಒಂದು ಗುರಿಯನ್ನು ಬೇಗ, ತಪ್ಪಿಲ್ಲದೆ ತೋರಿಸುವುದು ಸ್ಪರ್ಧೆ. ಪಳಗಿದವರ ಕೈಯಲ್ಲಿ ಮೌಸ್ ಮುಂದೆ ಬಂತು. ನ್ಯಾಯವಾದ ಗೆಲುವೇ. ಆದರೆ ಸ್ಪರ್ಧೆ ಬೆರಳು ಮಾಡಿ ತೋರಿಸುವುದರದ್ದು, ಬರೆಯುವುದರದ್ದಲ್ಲ. 'ಕ' ಬರೆದು ತೋರಿಸಿ ಎಂದಿದ್ದರೆ ಫಲಿತಾಂಶ ಬೇರೆ ಬರುತ್ತಿತ್ತು. ರೋಮನ್ ಅಕ್ಷರದವರಿಗೆ ಬರೆಯಲು ಕೀಲಿಮಣೆ ಇತ್ತು; ಉಳಿದ ಕೆಲಸ ತೋರಿಸುವುದಷ್ಟೇ ಆಗಿತ್ತು. ಕೀಲಿಮಣೆಯಲ್ಲಿ ಸುಲಭವಾಗಿ ಕೂರದ ಲಿಪಿಗಳವರನ್ನು ಆಗ ಯಾರೂ ಕೇಳಲಿಲ್ಲ.

ಕೇಳಿದವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ಗೆಳೆಯರು ಸೇರಿ 2001ರಲ್ಲಿ ಸಿಂಪ್ಯೂಟರ್ ತೋರಿಸಿದರು. ಅಂಗೈಯಗಲದ ಯಂತ್ರ, ಕೀಲಿಮಣೆ ಇಲ್ಲ, ಒಂದು ಸ್ಟೈಲಸ್. ಓದು ಬಾರದವರೂ ಬಳಸಲೆಂದು, ಊರಿನ ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡಿನ ಸೀಳು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಪರದೆಯ ಮೇಲೆ ಗೀಚಿದ್ದನ್ನು ಗೀಚಿದ ಹಾಗೆಯೇ ಇಮೇಲಿನಲ್ಲಿ ಕಳಿಸಬಹುದಿತ್ತು. ಫಾಂಟ್ ಬೇಡ, ಎನ್‌ಕೋಡಿಂಗ್ ಬೇಡ. ಕನ್ನಡದಲ್ಲಿ ಬರೆದರೆ ಕನ್ನಡ, ಮೋಡಿಯಲ್ಲಿ ಬರೆದರೆ ಮೋಡಿ. ಯಂತ್ರ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಕೆಲವೇ ವರ್ಷದಲ್ಲಿ ಮರೆಯಾಯಿತು.

ಅದೇ ವರ್ಷಗಳಲ್ಲಿ ಬೆಂಗಳೂರಿನ ಎಚ್‌ಪಿ ಲ್ಯಾಬ್ಸ್ 'ಜೆಸ್ಚರ್ ಕೀಬೋರ್ಡ್' ಎಂಬುದನ್ನು ಮಾಡಿತು. ಫಲಕದ ಮೇಲೆ ವ್ಯಂಜನಗಳ ಮನೆಗಳು ಅಚ್ಚಾಗಿರುತ್ತವೆ. ಬೇಕಾದ ವ್ಯಂಜನದ ಮೇಲೆ ಲೇಖನಿಯಿಂದ ಗುಣಿತದ ಗುರುತನ್ನು ಬರೆದರೆ ಅಕ್ಷರ ಸಿದ್ಧ. ಕಾಗುಣಿತ ಕಲಿತ ಮಗುವಿನ ತಲೆಯಲ್ಲಿರುವ ಕ್ರಮವೇ ಇದು. ಲೇಖನಿಯ ಚಲನೆಯಿಂದ ಅಕ್ಷರ ಗುರುತಿಸುವ 'ಲಿಪಿ ಟೂಲ್‌ಕಿಟ್' ಅನ್ನು ಅವರು ಮುಕ್ತವಾಗಿ ಬಿಟ್ಟರು. ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ, ತಮಿಳು ಕೈಬರಹಗಳ ಮೇಲೆ ಇದೇ ಕೆಲಸ ಮಾಡಿತು. ಈ ವಿದ್ಯೆಯಲ್ಲಿ ಒಂದು ವಿಚಿತ್ರ ಪರಿಭಾಷೆ ಇದೆ. ಬರೆಯುವಾಗಲೇ ಲೇಖನಿಯ ದಾರಿ ದಾಖಲಾದರೆ ಅದು 'ಆನ್‌ಲೈನ್' ಕೈಬರಹ. ಬರೆದಾದ ಹಾಳೆಯ ಚಿತ್ರ ಮಾತ್ರ ಇದ್ದರೆ 'ಆಫ್‌ಲೈನ್'. ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಆ ಲೆಕ್ಕದಲ್ಲಿ ಮರಾಠವಾಡದ ಎಲ್ಲ ರುಮಾಲುಗಳೂ, ಅವನ್ನು ಎಷ್ಟೇ ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸಿದರೂ, ಆಫ್‌ಲೈನೇ.

ಕನ್ನಡದ ಉದಾಹರಣೆಯಿಂದ ಈ ವ್ಯತ್ಯಾಸದ ತೂಕ ತಿಳಿಯುತ್ತದೆ. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಸೀಳು. ಅದನ್ನು ಕೆಲವರು ಅಕ್ಷರದ ಜೊತೆಗೇ ಹಾಕುತ್ತಾರೆ, ಕೆಲವರು ಪದ ಮುಗಿಸಿ ಹಿಂದೆ ಬಂದು ಹಾಕುತ್ತಾರೆ. ಚಿತ್ರದಲ್ಲಿ ಅದು ಮಸಿಯ ಚುಕ್ಕೆಯೋ ಸೀಳೋ ಎಂಬ ಅನುಮಾನ. ಚಲನೆಯ ದಾಖಲೆಯಲ್ಲಿ ಅನುಮಾನವಿಲ್ಲ: ಲೇಖನಿ ಎದ್ದಿತು, ಹಿಂದೆ ಬಂತು, ಇಳಿಯಿತು, ಚಿಕ್ಕ ಗೆರೆ ಎಳೆಯಿತು.

ಬೆಂಗಳೂರಿನ ಯಂತ್ರಗಳು ಮಾಡಿದ್ದು ಅವವುಗಳ ಒಳಗೇ ಉಳಿಯಿತು. ಎಲ್ಲರ ಕೈಗೂ ಸಿಗಬೇಕಾದರೆ ಅದು ಬ್ರೌಸರಿನಲ್ಲಿ ಆಗಬೇಕು, ಮತ್ತು ಬ್ರೌಸರು ಹುಟ್ಟಿದ್ದು ಮೌಸಿನ ಮನೆಯಲ್ಲಿ. 2000ನೇ ಇಸವಿಯ ನವೆಂಬರಿನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಒಪ್ಪಿದ ಮಾನದಂಡದಲ್ಲಿ ಇದ್ದದ್ದು ಮೌಸ್‌ಡೌನ್, ಮೌಸ್‌ಮೂವ್, ಮೌಸ್‌ಅಪ್. 2004ರಲ್ಲಿ ಆಪಲ್ ತನ್ನ ಡ್ಯಾಶ್‌ಬೋರ್ಡಿಗಾಗಿ ಕ್ಯಾನ್ವಾಸ್ ಅಂಶವನ್ನು ಸೃಷ್ಟಿಸಿತು, ಮುಂದಿನ ಒಂದೆರಡು ವರ್ಷದಲ್ಲಿ ಫೈರ್‌ಫಾಕ್ಸ್, ಒಪೆರಾ ಅದನ್ನು ತೆಗೆದುಕೊಂಡವು. ಬಟ್ಟೆ ಬಂತು, ಲೇಖನಿ ಬರಲಿಲ್ಲ. ಒಳ್ಳೆಯ ಪೆನ್ ಟ್ಯಾಬ್ಲೆಟ್ ಜೋಡಿಸಿದರೂ ಬ್ರೌಸರಿನೊಳಗೆ ಅದು ಮೌಸಿನ ವೇಷ ಹಾಕಿಕೊಂಡೇ ಬರಬೇಕಿತ್ತು. ಒತ್ತಡ, ಓರೆ ಎಲ್ಲ ಬಾಗಿಲಲ್ಲೇ ಬಿಟ್ಟು. 2010ರಲ್ಲಿ ಡೀವಿಯಂಟ್‌ಆರ್ಟ್ 'ಮುರೋ' ಎಂಬ ಚಿತ್ರಪುಟ ತೆರೆದಾಗ ಒತ್ತಡ ತಿಳಿಯಲು ವಾಕಾಮ್ ಕಂಪನಿಯ ಪ್ರತ್ಯೇಕ ಪ್ಲಗಿನ್ ಹಾಕಿಕೊಳ್ಳಬೇಕಿತ್ತು.

ಐಫೋನ್ ಬಂದ ಮೇಲೆ ಬೆರಳು ಬಂತು. 2007ರ ಜನವರಿಯಲ್ಲಿ ಅದನ್ನು ತೋರಿಸುತ್ತಾ ಸ್ಟೀವ್ ಜಾಬ್ಸ್ ಸ್ಟೈಲಸ್ಸನ್ನು ಗೇಲಿ ಮಾಡಿದ್ದು ಪ್ರಸಿದ್ಧ. ಬೆರಳಿಗೆ ಟಚ್ ಈವೆಂಟ್ಸ್ ಎಂಬ ಬೇರೆಯೇ ಪದ್ಧತಿ ಹುಟ್ಟಿತು. ಒಂದೇ ಚಿತ್ರಪುಟಕ್ಕೆ ಈಗ ಮೌಸಿಗೊಂದು, ಬೆರಳಿಗೊಂದು ಲೆಕ್ಕದ ಪುಸ್ತಕ. ಲೇಖನಿ ಎರಡರಲ್ಲೂ ಸರಿಯಾಗಿ ಕೂರದು. ಟಚ್ ಈವೆಂಟ್ಸ್ ಮಾನದಂಡವಾಗುವ ಹೊತ್ತಿಗೆ ಆಪಲ್ಲಿನ ಪೇಟೆಂಟುಗಳ ತಕರಾರು ಎದ್ದಿತು, ಅದನ್ನು ನೋಡಲು ಕನ್ಸಾರ್ಟಿಯಂ ಒಂದು ಗುಂಪನ್ನೇ ರಚಿಸಬೇಕಾಯಿತು. ಈ ಸಂದಿಯಲ್ಲಿ ಮೈಕ್ರೋಸಾಫ್ಟ್ 2012ರಲ್ಲಿ ಬೇರೆ ಪ್ರಸ್ತಾವ ತಂದಿತು: ಮೌಸ್, ಬೆರಳು, ಲೇಖನಿ ಮೂರಕ್ಕೂ ಒಂದೇ ಹೆಸರು, ಪಾಯಿಂಟರ್, ಆದರೆ ಪ್ರತಿ ಘಟನೆಯೂ ತಾನು ಮೂರರಲ್ಲಿ ಯಾವುದು ಎಂದು ಹೇಳಬೇಕು.

ಸರಳ ವಿವೇಕದ ಮಾತು. ಆದರೂ ಏಳು ವರ್ಷ ಹಿಡಿಯಿತು. ಪಾಯಿಂಟರ್ ಈವೆಂಟ್ಸ್ 2015ರ ಫೆಬ್ರವರಿಯಲ್ಲಿ ಅಧಿಕೃತ ಮಾನದಂಡವಾಯಿತು. ಗೂಗಲ್ 2014ರಲ್ಲಿ 'ನಾವು ಅಳವಡಿಸುವುದಿಲ್ಲ' ಎಂದಿತ್ತು, 2015ರಲ್ಲಿ ಮನಸ್ಸು ಬದಲಿಸಿತು, 2016ರ ಡಿಸೆಂಬರಿನ ಕ್ರೋಮ್‌ನಲ್ಲಿ ಕೊಟ್ಟಿತು. ಫೈರ್‌ಫಾಕ್ಸ್ 2018ರಲ್ಲಿ. ಸ್ಟೈಲಸ್ಸನ್ನು ಗೇಲಿ ಮಾಡಿದ್ದ ಕಂಪನಿ 2015ರಲ್ಲಿ ತಾನೇ ಪೆನ್ಸಿಲ್ ಮಾರತೊಡಗಿತ್ತು. ಅದರ ಸಫಾರಿ ಬ್ರೌಸರಿಗೆ ಈ ಪದ್ಧತಿ ಬಂದದ್ದು 2019ರ ಸೆಪ್ಟೆಂಬರಿನಲ್ಲಿ.

ಈಗ ಲೇಖನಿ ಬ್ರೌಸರಿಗೆ ಏನು ಹೇಳುತ್ತದೆ? ಬೋರು ಹಿಡಿದ ಕರಣಿಕನನ್ನು ನ��ನೆದು ನೋಡಿದರೆ ಪಟ್ಟಿ ಪರಿಚಿತವೇ. ಒತ್ತಡ, ಸೊನ್ನೆಯಿಂದ ಒಂದರವರೆಗೆ. ಓರೆ, ಎರಡು ದಿಕ್ಕಿನಲ್ಲಿ ತೊಂಬತ್ತು ಡಿಗ್ರಿವರೆಗೆ. ಕಡ್ಡಿ ತನ್ನ ಸುತ್ತ ಎಷ್ಟು ತಿರುಗಿದೆ ಎಂಬುದು, ಲೇಖನಿಗೆ ಆ ಸಾಮರ್ಥ್ಯವಿದ್ದರೆ. ಓರೆ ತುದಿಯ ಬೋರು ಎಳೆಯುವ ದಪ್ಪ-ತೆಳುಗಳನ್ನು ಪರದೆಯ ಮೇಲೆ ತರಲು ಬೇಕಾದದ್ದು ಇಷ್ಟೇ. ಒತ್ತಡ ಗೊತ್ತಾಗದ ಮೌಸಿಗೂ ಮಾನದಂಡ ಒಂದು ಅಂಕಿ ನಿಗದಿ ಮಾಡಿದೆ: ಗುಂಡಿ ಒತ್ತಿದ್ದಾಗ 0.5, ಇಲ್ಲದಿದ್ದರೆ 0. ಮೌಸಿನ ಪಾಲಿಗೆ ಜಗತ್ತಿನ ಎಲ್ಲ ಗೆರೆಗಳೂ ಅರ್ಧ ಒತ್ತಿದವು.

ಲೇಖನಿ ಪರದೆಯನ್ನು ಮುಟ್ಟದೆ ಸ್ವಲ್ಪ ಮೇಲೆ ಸುಳಿದಾಡುವಾಗಲೂ, ಪರದೆಗೆ ಅದನ್ನು ಗ್ರಹಿಸುವ ಶಕ್ತಿಯಿದ್ದರೆ, ಚಲನೆಯ ಸುದ್ದಿ ಬರುತ್ತದೆ. ಒತ್ತಡ ಸೊನ್ನೆ, ಗುಂಡಿ ಇಲ್ಲ, ಆದರೆ ಸ್ಥಾನ ಇದೆ. ಮಸಿ ಬೀಳದ ದಾರಿ ಇದು. ಎರಡು ಅಕ್ಷರದ ನಡುವೆ ಕೈ ಗಾಳಿಯಲ್ಲಿ ಹಾದ ಹಾದಿ. ತಾಳೆಗರಿಯ ಮೇಲಾಗಲಿ ಕಡತದ ಮೇಲಾಗಲಿ ಕಾಗದದ ಮೇಲಾಗಲಿ ಇದು ಎಂದೂ ಉಳಿದಿರಲಿಲ್ಲ.

ಇಷ್ಟೆಲ್ಲ ಕೊಟ್ಟರೂ ಬ್ರೌಸರಿನ ಹಳೆಯ ಚಾಳಿ ಪೂರ್ತಿ ಬಿಟ್ಟಿಲ್ಲ. ಲೇಖನಿ ಕೆಳಮುಖವಾಗಿ ಇಳಿದರೆ ಅದು 'ಪುಟ ಸರಿಸುತ್ತಿದ್ದಾರೆ' ಎಂದು ತಿಳಿದು ಗೆರೆಯನ್ನು ನಡುವೆಯೇ ಕಸಿದುಕೊಂಡು, ಪಾಯಿಂಟರ್‌ಕ್ಯಾನ್ಸಲ್ ಎಂಬ ಸುದ್ದಿ ಕಳಿಸಿ ಕೈತೊಳೆದುಕೊಳ್ಳುತ್ತದೆ. ಮೋಡಿಯಂಥ ಇಳಿಗೆರೆಗಳ ಲಿಪಿಗೆ ಇದು ದೊಡ್ಡ ಪೆಟ್ಟು. 'ಟಚ್-ಆಕ್ಷನ್: ನನ್' ಎಂಬ ಒಂದು ಸಾಲಿನ ಸೂಚನೆ ಕೊಟ್ಟು, ಈ ಬಟ್ಟೆಯ ಮೇಲೆ ನೀನು ಕೈ ಹಾಕಬೇಡ ಎಂದು ಮೊದಲೇ ಹೇಳಬೇಕು. ಅಂಗೈಯನ್ನು ಪರದೆಗೆ ಊರಿ ಬರೆಯುವವರಿಗೆ ಇನ್ನೊಂದು ತೊಡಕು: ಅಂಗೈಯೂ ಬರೆಯತೊಡಗುತ್ತದೆ. ಅಂಗೈ ಬರುವುದು ಬೆರಳಿನ ಹೆಸರಿನಲ್ಲಿ, ಲೇಖನಿ ಬರುವುದು ಲೇಖನಿಯ ಹೆಸರಿನಲ್ಲಿ. ಲೇಖನಿ ಹತ್ತಿರವಿದ್ದಾಗ ಬೆರಳಿನ ಮಾತು ಕೇಳದಿದ್ದರೆ ಆಯಿತು.

ಹೆಚ್ಚು ಸೂಕ್ಷ್ಮವಾದದ್ದು ವೇಗದ ಸಮಸ್ಯೆ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಒಳ್ಳೆಯ ಲೇಖನಿ ಅದರ ನಾಲ್ಕು ಪಟ್ಟು, ಸೆಕೆಂಡಿಗೆ 240 ಸಲ ತನ್ನ ಸ್ಥಾನ ಹೇಳುತ್ತದೆ. ಬ್ರೌಸರು ನಡುವಿನವನ್ನು ಮೂಟೆ ಕಟ್ಟಿ ಒಂದನ್ನೇ ಮುಂದಿಡುತ್ತದೆ. ಗುಂಡಿ ಒತ್ತಲು ಅದು ಸಾಕು. ಆದರೆ ಓಟದ ಕೈ ಒಂದು ಸುತ್ತನ್ನು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮುಗಿಸಿದರೆ ಸಿಗುವುದು 12 ಬಿಂದು. ವೃತ್ತ ಹೋಗಿ ಹನ್ನೆರಡು ಮೂಲೆಯ ಆಕೃತಿ. ಬೇಗ ಬರೆದಷ್ಟೂ ಮೂಲೆ ಎದ್ದು ಕಾಣುತ್ತದೆ. ಮೂಟೆಯನ್ನು ಬಿಚ್ಚಿ ಒಳಗಿನ ಎಲ್ಲ ಬಿಂದು ಕೊಡು ಎಂದು ಕೇಳುವ ಸೌಲಭ್ಯ ಆಮೇಲೆ ಬಂತು. ಕೇಳಿದರೆ 48 ಬಿಂದು. ಕೇಳದೆ, ಇದ್ದ 12ರ ಮೇಲೆ ಬಾಗಿದ ಗೆರೆ ಹಾಯಿಸಿ ನುಣುಪು ಮಾಡುವವರೂ ಬಹಳ. ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ನುಣುಪು ಬರೆದವನ ಕೈಯದಲ್ಲ, ಸೂತ್ರದ್ದು. ಅಲಂಕಾರದ ಚಿತ್ರಕ್ಕೆ ನಡೆದೀತು, ಲಿಪಿಯ ದಾಖಲೆಗೆ ನಡೆಯದು.

ಮೋಡಿಗೆ 2014ರ ಜೂನ್‌ನಲ್ಲಿ ಯೂನಿಕೋಡ್ 7.0ರಲ್ಲಿ ಜಾಗ ಸಿಕ್ಕಿತು, 79 ಸಂಕೇತಗಳೊಂದಿಗೆ. ಅದಕ್ಕೆ ಫಾಂಟೂ ಇದೆ. ಆದರೆ ಫಾಂಟಿನ ಮೋಡಿ ನಿಂತ ಮೋಡಿ. ಅದನ್ನು ಚೆನ್ನಾಗಿ ಕಲಿತವರೂ ರುಮಾಲಿನಿಂದ ತೆಗೆದ ಕಾಗದದ ಮುಂದೆ ತಡವರಿಸುತ್ತಾರೆ. ಅಚ್ಚಿನ ಮೊಳೆಗೆ ಒಗ್ಗದೆ ಕಚೇರಿಯಿಂದ ಹೊರಬಿದ್ದ ಲಿಪಿಯನ್ನು ಮತ್ತೆ ಮೊಳೆಯ ಮಾದರಿಯಲ್ಲೇ ಕಲಿಸುವುದರಲ್ಲಿ ಏನೋ ವಿಪರ್ಯಾಸವಿದೆ. ಓದಬಲ್ಲವರಲ್ಲಿ ಹಲವರು ಹಿರಿಯರು. ಅವರು ಒಂದು ಕಾಗದ ಓದಿ ದೇವನಾಗರಿಯಲ್ಲಿ ಬರೆದುಕೊಟ್ಟರೆ ಉಳಿಯುವುದು ಉತ್ತರ ಮಾತ್ರ. ಓದಿದ್ದು ಹೇಗೆ ಎಂಬುದು ಅವರ ಬೆರಳಿನಲ್ಲೇ ಉಳಿಯುತ್ತದೆ. ನಾಳೆ ಯಾರಾದರೂ ಆ 'ಕುಣಬಿ' ಪದವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರೆ ತೋರಿಸಲು ಬೇಕಾದದ್ದು ಅದೇ.

ಇದಕ್ಕೆ ಬೇಕಾದ ಸಾಧನ ಈಗ ದುಬಾರಿಯೂ ಅಲ್ಲ, ಕಷ್ಟದ್ದೂ ಅಲ್ಲ. ಸ್ಕ್ಯಾನ್ ಮಾಡಿದ ಹಾಳೆಯನ್ನು ಕೆಳಗೆ ಮಸುಕಾಗಿ ಇಟ್ಟು, ಅದರ ಮೇಲೆ ಪಾರದರ್ಶಕವಾದ ಕ್ಯಾನ್ವಾಸ್ ಹಾಸಿ, ಓದುವವರ ಕೈಗೆ ಸ್ಟೈಲಸ್ ಕೊಡುವುದು. ಅವರು ತಮ್ಮ ಓದಿನ ಪ್ರಕಾರ ಹಳೆಯ ಗೆರೆಯ ಮೇಲೆ ನಡೆಯುತ್ತಾರೆ. ಬಿಂದು, ಸಮಯ, ಒತ್ತಡ, ಎತ್ತಿದ್ದು, ಇಳಿಸಿದ್ದು ಎಲ್ಲ ಪಟ್ಟಿಯಾಗುತ್ತದೆ. ಹೀಗೆ ಸಂಗ್ರಹಿಸಿದ್ದನ್ನು ಇಡಲು ಇಂಕ್‌ಎಂಎಲ್ ಎಂಬ ಮಾನದಂಡ 2011ರಿಂದಲೇ ಇದೆ. ಅದು ಮೂಲ ಬರಹಗಾರನ ಕೈಯ ದಾಖಲೆಯಾಗದು, ಓದುಗನ ಊಹೆಯ ದಾಖಲೆ. ಹಾಗೆಂದೇ ಹೆಸರಿಸಿ ಇಡಬೇಕು. ಇಬ್ಬರು ಓದುಗರ ದಾರಿ ಒಂದೇ ಜಾಗದಲ್ಲಿ ಬೇರೆಯಾದರೆ, ಅನುಮಾನ ಇರುವುದು ಅಲ್ಲಿಯೇ ಎಂದು ಗೊತ್ತಾಗುತ್ತದೆ. ಅವರು ಎಲ್ಲಿ ಬೇರೆಯಾದರೂ ಪ್ರತಿ ಸಾಲಿನ ಆರಂಭ ಮಾತ್ರ ಇಬ್ಬರದ್ದೂ ಒಂದೇ ಇರುತ್ತದೆ: ಲೇಖನಿ ಇಳಿಯಿತು, ಎಡದಿಂದ ಬಲಕ್ಕೆ ಒಂದು ಉದ್ದ ಗೆರೆ, ಲೇಖನಿ ಎದ್ದಿತು. ಅಕ್ಷರ ಇನ್ನೂ ಒಂದೂ ಇಲ್ಲ.